ಗಿರಗಿಟ್ಲೆ ಬಲಕ್ಕೆ ತಿರುಗಿತು

ಆರತಿ ಮುಗಿಯುವ ತನಕ ಸುಲೋಚನಾಬಾಯಿ ಯಾರ ಜೊತೆಗೂ ಮಾತಾಡುವವರಲ್ಲ. ಬಾಗಿಲಲ್ಲಿ ಪೊಲೀಸರೇ ಬಂದು ನಿಂತರೂ ಗಂಟೆ ಕೆಳಗಿಟ್ಟ ಮೇಲೆಯೇ ತಿರುಗಿ ನೋಡುವ ಪೈಕಿ.

ಚಾರುಲತಾ ದೇವರ ಕೋಣೆಯ ಹೊಸ್ತಿಲಾಚೆ ನಿಂತಿದ್ದಳು. ನಿಂತಿದ್ದಳು ಎನ್ನುವುದು ಉಪಚಾರದ ಮಾತು. ಸ್ಕೂಟರಿನ ಕೀಲಿಗೊಂಚಲನ್ನು ತೋರುಬೆರಳಿಗೆ ಸಿಕ್ಕಿಸಿ ಗಿರ್ರನೆ ಬಲಕ್ಕೆ ತಿರುಗಿಸುತ್ತ, ಸದ್ದಾಯಿತೆಂದು ಹಿಡಿದು ನಿಲ್ಲಿಸುತ್ತ, ಮರುಕ್ಷಣವೇ ಮತ್ತೆ ತಿರುಗಿಸುತ್ತ ಇದ್ದಳು. ವಾಯುಸೇನೆಯ ಗಂಡನಿಗೆ ವರ್ಗವಾಯಿತೆಂದು ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ನಾಗಪುರಕ್ಕೆ ಬಂದವಳು. ಧರಮಪೇಠದ ಎರಡು ಕೋಣೆಗಳಲ್ಲಿ ಪತ್ತೇದಾರಿಯ ಬೋರ್ಡು ಹಾಕಿಕೊಂಡವಳು. ತಲೆ ಚುರುಕು. ತಾಳ್ಮೆ ಮಾತ್ರ ದೇವರು ಕೊಡಲು ಮರೆತಿದ್ದ.

ಕಾಣೆಯಾದ ಮಗನನ್ನು ಹುಡುಕಿಕೊಡು ಎಂದು ಸುಲೋಚನಾಬಾಯಿ ಅವಳನ್ನು ಹಿಡಿದಿದ್ದರು. ಇವತ್ತಂತೂ ತಾಳ್ಮೆಗೆ ಜಾಗವೇ ಇರಲಿಲ್ಲ. ಸಂಜೆಯೊಳಗೆ ಏನೂ ಸಿಗದಿದ್ದರೆ ಸೈಬರ್ ಠಾಣೆಯ ಪಿಎಸ್‌ಐ ರಚನಾ ಈ ಮುದುಕಿಯ ಒಬ್ಬನೇ ಮಗ ಗುರುಪ್ರಸಾದನನ್ನು ತಲೆಮರೆಸಿಕೊಂಡ ಆರೋಪಿಯೆಂದು ಪತ್ರಿಕೆಗಳಿಗೆ ಕೊಡುವವಳಿದ್ದಳು. ಫೋಟೋ ಸಮೇತ.

ಗುರುಪ್ರಸಾದ್ ಮಾಡಿದ್ದೇನು? 'ಗಿರಗಿಟ್ಲೆ' ಎಂಬ ಪುಟ್ಟ ಸಾಫ್ಟ್‌ವೇರ್ ಪ್ಯಾಕೇಜು ಬರೆದಿದ್ದ. ವೆಬ್ ಪುಟ ತೆರೆದುಕೊಳ್ಳುವಾಗ ಕಾಯುವವರ ಕಣ್ಣೆದುರು ಮಕ್ಕಳ ಕಾಗದದ ಗಿರಗಿಟ್ಲೆಯೊಂದು ಸುತ್ತುತ್ತದೆ, ಅಷ್ಟೇ ಅದರ ಕೆಲಸ. ಬರೆದದ್ದನ್ನು ಓಪನ್ ಸೋರ್ಸ್ ಎಂದು ಲೋಕಕ್ಕೆ ಬಿಟ್ಟಿದ್ದ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಒಳಗೇನಿದೆ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಊರೂರಿನ ತಾಣಗಳು ತೆಗೆದುಕೊಂಡಿದ್ದವು. ಆಸ್ಪತ್ರೆ, ಕ್ಲಿನಿಕ್ಕುಗಳೇ ಜಾಸ್ತಿ.

ಹೋದ ವಾರ ಅದರ ಹೊಸ ಆವೃತ್ತಿಯಲ್ಲಿ ಯಾರೋ ವಿಷ ಬೆರೆಸಿದ್ದರು. ರೋಗಿಗಳು ಪುಟದಲ್ಲಿ ತುಂಬಿದ ಹೆಸರು, ಕಾಯಿಲೆ, ಫೋನ್ ನಂಬರುಗಳನ್ನು ಕದ್ದು ಹೊರಗೆ ಸಾಗಿಸುವ ಕೆಲವೇ ಸಾಲು. ಆ ಆವೃತ್ತಿ ಹೊರಬಿದ್ದದ್ದು ಗುರುಪ್ರಸಾದನ ಸ್ವಂತ ಗುಟ್ಟಿನ ಪದದಿಂದ, ಅವನ ಸ್ವಂತ ಮೊಬೈಲಿಗೆ ಬಂದ ಒಟಿಪಿಯಿಂದ. ಅದೇ ದಿನ ಅವನು ಲ್ಯಾಪ್‌ಟಾಪಿನ ಸಮೇತ ಕಾಣೆಯಾದ, ಫೋನು ಬಂದಾಯಿತು.

ಪೊಲೀಸರಿಗೆ ವಿಷಯ ಸುಲಭವಾಗಿತ್ತು: ಕದ್ದ, ಓಡಿದ. ಚಾರುಲತಾಳಿಗೆ ಬೇರೆಯೇ ಭಯ. ಹುಡುಗ ಬದುಕಿದ್ದಾನೋ ಇಲ್ಲವೋ ಎಂಬುದು. ಅದನ್ನು ಈ ತಾಯಿಯೆದುರು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ.

ಹಿತ್ತಾಳೆ ತಟ್ಟೆ ಕೊನೆಯ ಸುತ್ತು ಬಲಕ್ಕೆ ಸುತ್ತಿ ನಿಂತಿತು. ಸುಲೋಚನಾಬಾಯಿ ಮಂಗಳಾರತಿಯನ್ನು ಅವಳ ಮುಂದೆ ಹಿಡಿದರು.

"ತಗೊ ತಂಗಿ. ಕೂಡು, ಚಾ ಇಡ್ತೀನಿ."

"ಟೀ ಬೇಡಮ್ಮ. ಗುರು ಕೆಲಸದ ವಿಷಯ ಏನಾದ್ರೂ ಮಾತಾಡಿದ್ನಾ, ಇನ್ನೊಂದು ಸಲ ನೆನಪು ಮಾಡ್ಕೊಳ್ಳಿ. ಯಾರ ಜೊತೆಗಾದ್ರೂ ಜಗಳ, ಯಾರಾದ್ರೂ ಹೆದರಿಸಿದ್ದು..."

"ಅವನ ಕೆಲಸ ನನಗೇನ್ ತಿಳೀತೈತಿ? ಗಿರಗಿಟ್ಲಿ ಒಂದ್ ಗೊತ್ತು. ಮೊಣಕಾಲ ಡಾಕ್ಟರ ಹಂತೇಕ ಪಾಳಿ ನಂಬರ್ ಹಚ್ಚೂಮುಂದ ಫೋನಿನ್ಯಾಗ ಬರತೈತಲ್ಲ, ಅದು." ಅವರು ತಟ್ಟೆಯನ್ನು ದೇವರ ಮುಂದಿಟ್ಟರು. "ಅದು ಎಡಕ್ಕ ತಿರಗತೈತಿ, ನೋಡೀಯಿಲ್ಲೋ? ಅಪ್ರದಕ್ಷಿಣ. ಯಾವ ದೇವರಿಗೆ ಹಂಗ ಸುತ್ತತಾರ? ನಾ ಹೇಳೀನಿ ಅವಗ. ಗುರೂ, ಆರತಿ ಬೆಳಗಿದಂಗ ಬಲಕ್ಕ ತಿರಗ್ಸೋ, ಆಗ ನಿನಗೂ ಒಳ್ಳೇದ್ ಆಕ್ಕೈತಿ ಅಂತ."

ಚಾರುಲತಾಳಿಗೆ ನಗು ಬಂತು. ಗಡಿಯಾರ ನೋಡಿಕೊಂಡಳು. ಗುರುವಿನ ಗೆಳೆಯ ತೇಜಸ್ ತನ್ನ ಆಫೀಸಿನಲ್ಲಿ ಭೇಟಿಗೆ ಸಮಯ ಕೊಟ್ಟಿದ್ದ.

"ಆಯ್ತಮ್ಮ, ಮಧ್ಯಾಹ್ನ ಬರ್ತೀನಿ."

"ಪೂರಾ ಕೇಳರ ಕೇಳ..."

ಆಗಲೇ ಅವಳು ಮೆಟ್ಟಿಲಿಳಿಯುತ್ತಿದ್ದಳು. ಹಿಂದಿನಿಂದ ಮುದುಕಿಯ ದನಿ ಕೇಳಿಸಿತು: "ತೇಜಸ್‌ನ ಕಂಡ್ರ ಹೇಳು, ನಿನ್ನೆ ಹಣ್ಣು ತಂದು ಕೊಟ್ಟು ಹೋದ. ಬಂಗಾರದಂಥ ಹುಡುಗ!"

*

ಬಂಗಾರದಂಥ ಹುಡುಗನ ಆಫೀಸು ಐಟಿ ಪಾರ್ಕಿನ ರಸ್ತೆಯಲ್ಲಿತ್ತು. ಹೊರಗೆ ಚಹಾದ ಟಪರಿಗಳ ಮುಂದೆ ಪೋಹಾ ತಟ್ಟೆ ಹಿಡಿದ ಐಟಿ ಮಕ್ಕಳ ಗುಂಪು. ಒಳಗೆ ಎಸಿ, ಮೆತ್ತನೆ ಸೋಫಾ, ಗೋಡೆಯಗಲದ ಟಿವಿ. ನಾಗಪುರದ ಅರ್ಧ ಡಾಕ್ಟರುಗಳ ವೆಬ್ ತಾಣ ಕಟ್ಟಿಕೊಟ್ಟವನು ತೇಜಸ್. ಕನ್ನಡದ ಮನೆಯವನು, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಗುರುಪ್ರಸಾದನ ಗೆಳೆಯ. ಗಿರಗಿಟ್ಲೆಯಲ್ಲಿ ವಿಷವಿದೆಯೆಂದು ಮೊದಲು ಕಂಡುಹಿಡಿದು ಪೊಲೀಸರಿಗೆ ದೂರು ಕೊಟ್ಟವನೂ ಅವನೇ. 'ಗೆಳೆಯ ಅಂತ ಸುಮ್ಮನಿರೋಕೆ ಆಗಲಿಲ್ಲ' ಎಂದು ಕಣ್ಣು ಒರೆಸಿಕೊಂಡಿದ್ದನ್ನು ರಚನಾ ಎರಡು ಸಲ ವರ್ಣಿಸಿದ್ದಳು.

"ಸರ್ ಮೀಟಿಂಗ್‌ನಲ್ಲಿದ್ದಾರೆ" ಎಂದು ಸೋಫಾ ತೋರಿಸಿ ಹೋದರು ಯಾರೋ.

ಚಾರುಲತಾ ಕೂತಳು, ಎದ್ದಳು. ಗಾಜಿನ ಬಾಗಿಲ ತನಕ ಹೋಗಿ ಬಂದಳು. ಕೀಲಿಗೊಂಚಲು ಬೆರಳಿಗೆ ಬಂತು.

ಗೋಡೆಯ ಟಿವಿಯಲ್ಲಿ ದೊಡ್ಡ ಕಣ್ಣಿನ ಆಸ್ಪತ್ರೆಯೊಂದರ ಹೊಸ ತಾಣ ಓಡುತ್ತಿತ್ತು. ನಾಳೆ ಉದ್ಘಾಟನೆ ಎಂಬ ಬರಹ ಮೇಲೆ. ಕೆಳಗೆ, ಈಗಲೇ ನೋಡಬೇಕೆನ್ನುವವರು ಮೊಬೈಲು ಹಿಡಿಯಲೆಂದು ಕ್ಯೂಆರ್ ಚೌಕ. ಹೆಸರು ಬರೆಯುವ ಪುಟ, ಡಾಕ್ಟರನ್ನು ಆರಿಸುವ ಪುಟ, ಹೊತ್ತು ಗೊತ್ತುಮಾಡುವ ಪುಟ. ಒಂದು ಪುಟ ಹೋಗಿ ಇನ್ನೊಂದು ಬರುವ ನಡುವೆ ಗುರುಪ್ರಸಾದನ ಗಿರಗಿಟ್ಲೆ ಕಾಣಿಸಿ ಮರೆಯಾಗುತ್ತಿತ್ತು.

ಏನೋ ಸರಿಯಿಲ್ಲ ಅನ್ನಿಸಿತು ಅವಳಿಗೆ. ಏನೆಂದು ಗೊತ್ತಾಗಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡತೊಡಗಿತು.

ಮತ್ತೆ ಪುಟ ಬದಲಾಯಿತು. ಗಿರಗಿಟ್ಲೆ ಸುತ್ತಿತು. ಬೆರಳಲ್ಲಿ ಕೀಲಿಗೊಂಚಲು ಸುತ್ತಿತು.

ಎರಡೂ ಒಂದೇ ಕಡೆಗೆ.

ಚಾರುಲತಾ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ವಾರದಿಂದ ಇದೇ ಗಿರಗಿಟ್ಲೆಯನ್ನು ಅವಳು ನೂರು ತಾಣಗಳಲ್ಲಿ ನೋಡಿದ್ದಳು. ಎಲ್ಲ ಕಡೆ ಅದು ಎಡಕ್ಕೇ ತಿರುಗುತ್ತಿತ್ತು. ಹಳೆಯ ಆವೃತ್ತಿಯಲ್ಲೂ ಅಷ್ಟೇ, ವಿಷದ ಆವೃತ್ತಿಯಲ್ಲೂ ಅಷ್ಟೇ. ಇಲ್ಲಿ ಮಾತ್ರ ಬಲಕ್ಕೆ, ಗಡಿಯಾರದ ಮುಳ್ಳಿನ ಹಾಗೆ. ಆರತಿಯ ಹಾಗೆ.

ಮೊಬೈಲು ತೆಗೆದು ಟಿವಿಯ ಚೌಕಕ್ಕೆ ಹಿಡಿದಳು. ಆಸ್ಪತ್ರೆಯ ತಾಣ ಅವಳ ಅಂಗೈಗೂ ಬಂತು. ಅಲ್ಲೂ ಬಲಕ್ಕೇ. ಗೋಡೆಯದನ್ನು ವಿಡಿಯೋ ಮಾಡಿಕೊಂಡಳು. ಆಮೇಲೆ ಗಿರಗಿಟ್ಲೆಯ ಚರಿತ್ರೆ ತೆರೆದಳು. ಇಂಥ ಪ್ಯಾಕೇಜುಗಳಿಗೆ ಹುಟ್ಟಿದಂದಿನ ಚರಿತ್ರೆ ಇರುತ್ತದೆ. ಯಾವ ಸಾಲನ್ನು ಯಾರು ತಿದ್ದಿದರು, ಯಾವಾಗ, ಏಕೆ, ಎಲ್ಲವನ್ನೂ ಯಂತ್ರವೇ ಕಾದಿಡುತ್ತದೆ. ಬಲಕ್ಕೆ ತಿರುಗಿಸಿದ ಬದಲಾವಣೆ ಅಲ್ಲಿ ಎಲ್ಲೂ ಇರಲಿಲ್ಲ.

ಅಂದರೆ ಲೋಕಕ್ಕೆ ಬಿಡದ ಒಂದು ಗಿರಗಿಟ್ಲೆ ಇದೆ. ಅದನ್ನು ತಿರುಗಿಸಿದವನು ಗುರುಪ್ರಸಾದ್, ತಾಯಿಯ ಮಾತಿಗೆ. ಅದು ಇದ್ದದ್ದು ಅವನ ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪು ಇರುವುದು...

"ಅರೇ ಮೇಡಂ! ನಿಂತೇ ಇದ್ದೀರಲ್ಲ, ಬಸಾ ಬಸಾ!"

ತೇಜಸ್ ಕೈ ಮುಗಿಯುತ್ತ ಬಂದ. ತಿದ್ದಿದ ಗಡ್ಡ, ಇಸ್ತ್ರಿ ಮುರಿಯದ ಅಂಗಿ, ಮುಖದ ತುಂಬ ನೊಂದವನ ನಗು.

"ಗುರು ವಿಷಯ ಏನಾದ್ರೂ ಗೊತ್ತಾಯ್ತಾ? ಖರೇ ಹೇಳ್ತೀನಿ, ನನಗಂತೂ ನಿದ್ದೆ ಇಲ್ಲ."

"ಒಂದೆರಡು ಸಣ್ಣ ಪ್ರಶ್ನೆ ಇತ್ತು" ಎಂದಳು ಚಾರುಲತಾ. ದನಿ ತಗ್ಗಿಸುವುದೇ ಕಷ್ಟವಾಗಿತ್ತು. "ನಿಮ್ಮ ತಾಣಗಳಲ್ಲಿ ಗಿರಗಿಟ್ಲೆಯ ಯಾವ ಆವೃತ್ತಿ ಇದೆ?"

"ಹಳೇದು. ಹೊಸದಕ್ಕೆ ನಾವು ಕೈನೇ ಹಾಕ್ಲಿಲ್ಲ. ಅದಕ್ಕೇ ನಮ್ಮ ಡಾಕ್ಟರುಗಳೆಲ್ಲ ಬಚಾವ್."

"ಈ ಕಣ್ಣಿನ ಆಸ್ಪತ್ರೆಯಲ್ಲೂ?"

"ಬರೋಬರ್. ಎಲ್ಲ ಕಡೆ ಅದೇ."

"ನಿಮಗೆ ಬೇಕಾದ ಹಾಗೆ ಏನಾದ್ರೂ ತಿದ್ದಿಕೊಂಡಿದ್ದೀರಾ? ಬಣ್ಣ, ಗಾತ್ರ, ಏನಾದ್ರೂ?"

"ಗುರು ಬರೆದಿದ್ದನ್ನ ಮುಟ್ಟೋ ಹಿಮ್ಮತ್ ಯಾರಿಗಿದೆ ಮೇಡಂ?" ತೇಜಸ್ ನಕ್ಕ. "ಒಂದಕ್ಷರ ಮುಟ್ಟಿಲ್ಲ."

"ಹಾಗಾದ್ರೆ ಅದನ್ನ ನೋಡಿ."

ಅವನು ಗೋಡೆಯ ಕಡೆ ತಿರುಗಿದ. ಪುಟ ಬದಲಾಯಿತು, ಗಿರಗಿಟ್ಲೆ ಬಂದು ಹೋಯಿತು.

"ಏನು? ತಿರುಗ್ತಾ ಇದೆ."

"ಯಾವ ಕಡೆಗೆ?"

ಅವನು ಮುಂದಿನ ಪುಟಕ್ಕೆ ಕಾದ. ಗಿರಗಿಟ್ಲೆ ಮತ್ತೆ ಬಂತು. ಈ ಸಲ ಅವನು ಸರಿಯಾಗಿ ನೋಡಿದ. ಚಾರುಲತಾ ನೋಡಿದ್ದು ಅವನ ಮುಖವನ್ನು. ಅಲ್ಲಿದ್ದದ್ದು ಭಯವಲ್ಲ, ಶುದ್ಧ ಆಶ್ಚರ್ಯ. ತನ್ನ ಮನೆಯ ಗೋಡೆಯ ಮೇಲಿರುವುದನ್ನು ಇವತ್ತೇ ಮೊದಲು ಕಂಡವನ ಹಾಗಿದ್ದ.

"ನಿಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ" ಎಂದಳು ಅವಳು. ಇನ್ನು ನಿಂತಲ್ಲಿ ನಿಲ್ಲಲು ಅವಳಿಂದಾಗಲಿಲ್ಲ. ಸೋಫಾದ ಸುತ್ತ ನಡೆಯುತ್ತಲೇ ಮಾತಾಡಿದಳು. "ಪ್ಯಾಕೇಜಿನಲ್ಲಿ ಏನಾದ್ರೂ ತಿದ್ದಿದ್ರೆ, ಲೋಕಕ್ಕೆ ಬಿಡೋ ಮೊದಲು ಸರಿಯಾಗಿದೆಯಾ ನೋಡ್ಬೇಕಲ್ಲ? ಆಗ ತಾಣವನ್ನ ಹೊರಗಿನ ಪ್ಯಾಕೇಜಿಂದ ಬಿಡಿಸಿ, ನಿಮ್ಮದೇ ಕಂಪ್ಯೂಟರಿನ ಪ್ರತಿಗೆ ಕಟ್ತೀರಿ. ಪರೀಕ್ಷೆ ಮುಗಿದ ಮೇಲೆ ಆ ಗಂಟು ಬಿಚ್ಚಬೇಕು. ಬಿಚ್ಚೋಕೆ ಮರೆತು ಹಾಗೇ ತಾಣ ಹೊರಗೆ ಬಿಟ್ರೆ, ಲೋಕದಲ್ಲಿ ಯಾರ ಹತ್ರನೂ ಇಲ್ಲದ ಪ್ರತಿ ಅದರ ಜೊತೆ ಹೋಗಿಬಿಡುತ್ತೆ. ನಾನು ಬೆಂಗಳೂರಲ್ಲಿದ್ದಾಗ ತಿಂಗಳಿಗೊಬ್ಬರಾದ್ರೂ ಈ ತಪ್ಪು ಮಾಡೋರು."

"ಅದಕ್ಕೆ?"

"ಬಲಕ್ಕೆ ತಿರುಗೋ ಗಿರಗಿಟ್ಲೆ ಲೋಕದಲ್ಲಿಲ್ಲ ತೇಜಸ್. ಗುರುಪ್ರಸಾದನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ. ಆ ಲ್ಯಾಪ್‌ಟಾಪಿಗೆ ನಿಮ್ಮ ತಾಣ ಹೇಗೆ ಗಂಟು ಬಿತ್ತು?"

ತೇಜಸ್ ನಿಧಾನವಾಗಿ ಸೋಫಾದಲ್ಲಿ ಕೂತು ಕಾಲಮೇಲೆ ಕಾಲು ಹಾಕಿದ. ಆಶ್ಚರ್ಯ ಹೋಗಿ ಹಳೆಯ ನಗು ಬಂದಿತ್ತು.

"ಮೇಡಂ, ಓಪನ್ ಸೋರ್ಸ್ ಅಂದ್ರೇನು? ಯಾರು ಬೇಕಾದ್ರೂ ತಿದ್ಕೋಬಹುದು. ನಮ್ಮ ಹುಡುಗ್ರು ಯಾರೋ ತಿರುಗಿಸಿರ್ತಾರೆ. ಗಿರಗಿಟ್ಲೆ ಬಲಕ್ಕೆ ತಿರುಗಿದ್ರೆ ಯಾವ ಕಲಮಿನಲ್ಲಿ ಕೇಸ್ ಹಾಕ್ತೀರಿ?"

"ಒಂದಕ್ಷರ ಮುಟ್ಟಿಲ್ಲ ಅಂದ್ರಿ. ಈಗಷ್ಟೇ."

"ಮಾತಿಗೆ ಅಂದೆ. ಆಫೀಸಲ್ಲಿ ಇಷ್ಟು ಜನ ಇದ್ದಾರೆ, ಯಾರು ಏನು ಮಾಡ್ತಾರೆ ಅಂತ ನಾನೇನ್ ಕಾಯ್ತಾ ಕೂರ್ಲಾ?"

"ನಿಮ್ಮಲ್ಲೂ ಚರಿತ್ರೆ ಇರುತ್ತಲ್ಲ? ಯಾರು ತಿರುಗಿಸಿದ್ರು, ತೆಗೆದು ತೋರಿಸಿಬಿಡಿ. ಮುಗೀತು."

"ತೋರಿಸಬಹುದು. ಆದ್ರೆ ಕ್ಲೈಂಟಿನ ಕೋಡು ನೋಡಿ, ವಕೀಲರನ್ನ ಕೇಳ್ಬೇಕು. ರೂಲ್ಸ್ ಮೇಡಂ." ಅವನು ಕೈ ಚೆಲ್ಲಿದ. "ಅದು ಗುರುದೇ ಕೆಲಸ ಅಂತ ನೀವು ಇಷ್ಟು ಪಕ್ಕಾ ಹೇಗೆ ಹೇಳ್ತೀರಿ, ಅದು ನನಗೆ ತಿಳೀತಿಲ್ಲ."

ಇಲ್ಲಿ ಚಾರುಲತಾ ಬಾಯಿ ಮುಚ್ಚಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಚ್ಚುತ್ತಿದ್ದರು. ಆದರೆ ಅವನ ಕಾಲಮೇಲಿನ ಕಾಲು, ಆ ನಗು, ಹಣ್ಣು ಕೊಟ್ಟು ಬಂದ ಆ ಕೈ, ಎಲ್ಲ ಸೇರಿ ಅವಳ ಮೈ ಉರಿಯುತ್ತಿತ್ತು.

"ಯಾಕಂದ್ರೆ ಅದನ್ನ ಕೇಳಿದ್ದು ಅವನ ಅಮ್ಮ. ಆರತಿ ಬೆಳಗಿದ ಹಾಗೆ ಬಲಕ್ಕೆ ತಿರುಗಿಸು ಅಂತ ಅವರೇ ಅವನಿಗೆ ಹೇಳಿದ್ದು. ಆ ಮಾತು ತಾಯಿಗೂ ಮಗನಿಗೂ ಬಿಟ್ರೆ ಇನ್ನೊಬ್ಬರಿಗೆ ಗೊತ್ತಿಲ್ಲ."

ತೇಜಸನ ಮುಖ ಹುಳ್ಳಗಾಯಿತು.

ಲ್ಯಾಪ್‌ಟಾಪಿನ ಮಾತಿಗೆ ಅಲುಗದವನು ಈ ಮಾತಿಗೆ ಬಿಳಿಚಿಕೊಂಡ. ಕಾಲು ಕೆಳಗಿಳಿಯಿತು.

"ಯಾವಾಗ?" ಎಂದ.

"ಏನು ಯಾವಾಗ?"

"ಅವರು ಯಾವಾಗ ಹೇಳಿದ್ರು ಅವನಿಗೆ?"

"ಅದು ನಿಮಗ್ಯಾಕೆ?"

ಅವನು ಎದ್ದ. ಟಿವಿಯ ಕಡೆ ಇನ್ನೊಂದು ಸಲ ನೋಡಿದ. ಅವಳ ಕಡೆ ನೋಡಲಿಲ್ಲ. "ಸಾರಿ ಮೇಡಂ, ಒಂದು ಅರ್ಜೆಂಟ್ ಕೆಲಸ ನೆನಪಾಯ್ತು" ಎಂದವನೇ ಒಳಬಾಗಿಲ ಕಡೆ ನಡೆದ. ಹೋಗುತ್ತಲೇ ಫೋನು ಕಿವಿಗಿಟ್ಟುಕೊಂಡು ತಗ್ಗಿದ ದನಿಯಲ್ಲಿ ಯಾರಿಗೋ ಮರಾಠಿಯಲ್ಲಿ ಹೇಳಿದ್ದು ಅವಳಿಗೆ ಕೇಳಿಸಿತು.

"ತಿಥಲಾ ನೆಟ್ ಬಂದ್ ಕರ್. ಆತ್ತಾಚ್."

ಅಲ್ಲಿಯ ನೆಟ್ ಬಂದ್ ಮಾಡು, ಈಗಲೇ. ಸಾಕ್ಷಿ ಅಳಿಸಲು ಹೊರಟಿದ್ದಾನೆ, ಅಳಿಸಲಿ ಎಂದುಕೊಂಡಳು ಚಾರುಲತಾ. ವಿಡಿಯೋ ತನ್ನ ಬಳಿ ಇದೆಯಲ್ಲ. ಗೆದ್ದವಳ ಹಾಗೆ ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದಳು.

*

"ದೀದಿ, ನೀವು ಹೇಳೋದೆಲ್ಲ ಸರಿ" ಎಂದಳು ರಚನಾ ಫೋನಿನಲ್ಲಿ, ತನ್ನ ಮರಾಠಿ ಬೆರೆತ ಹಿಂದಿಯಲ್ಲಿ. "ಆದರೆ ಗಿರಗಿಟ್ಲೆ ಈ ಕಡೆ ತಿರುಗೋ ಬದಲು ಆ ಕಡೆ ತಿರುಗಿತು, ಆಫೀಸು ಶೋಧಿಸೋಕೆ ವಾರಂಟ್ ಕೊಡಿ ಅಂತ ಜಡ್ಜ್ ಸಾಹೇಬರ ಮುಂದೆ ನಿಂತರೆ ನನ್ನನ್ನೇ ಒಳಗೆ ಹಾಕ್ತಾರೆ."

"ತಾಯಿಯ ಮಾತಿದೆಯಲ್ಲ!"

"ಹಾಗಿದ್ರೆ ಹೇಳಿಕೆ ಕೊಡಿಸಿ. ಮಗನಿಗೆ ಯಾವಾಗ ಹೇಳಿದ್ರು, ಎಲ್ಲಿ ಹೇಳಿದ್ರು. ಯಾವಾಗ ಅನ್ನೋದು ಪಕ್ಕಾ ಬೇಕು. ಸಂಜೆ ತನಕ ಕಾಯ್ತೀನಿ."

ಚಾರುಲತಾ ಸ್ಕೂಟರ್ ಹತ್ತಿದಳು. ಬಿಸಿಲು ನೆತ್ತಿ ಸುಡುತ್ತಿತ್ತು; ಸಿಗ್ನಲಿನಲ್ಲಿ ನಿಂತವರೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟಿದ್ದರು. ಹಸಿರು ದೀಪ ಬಂದರೂ ಹೊರಡದೆ ಹಿಂದಿನವರ ಹಾರ್ನ್ ಕೇಳಿಸಿಕೊಂಡಳು.

ಯಾವಾಗ.

ತೇಜಸನೂ ಅದನ್ನೇ ಕೇಳಿದ್ದ. ಏನು ಹೇಳಿದರು ಎಂದು ಕೇಳಲಿಲ್ಲ, ಏಕೆ ಹೇಳಿದರು ಎಂದೂ ಕೇಳಲಿಲ್ಲ. ಕದ್ದ ಲ್ಯಾಪ್‌ಟಾಪು ಇಟ್ಟುಕೊಂಡವನು ಹೆದರಬೇಕಾದದ್ದು ಲ್ಯಾಪ್‌ಟಾಪಿನ ಮಾತಿಗೆ. ಆಗ ಕಾಲಮೇಲೆ ಕಾಲು ಹಾಕಿ ಕೂತ. ಅಮ್ಮ ಎಂದೊಡನೆ ರಕ್ತ ಇಳಿದುಹೋಯಿತು.

ಬೆಳಿಗ್ಗೆ ತಾನು ಆ ಒಂದು ಪ್ರಶ್ನೆಯನ್ನು ಕೇಳಿರಲೇ ಇಲ್ಲ ಎಂಬುದು ಲಕ್ಷ್ಮೀ ನಗರದ ತಿರುವಿನಲ್ಲಿ ಅವಳಿಗೆ ಹೊಳೆಯಿತು. ಪೂರಾ ಕೇಳು ಎಂದಿದ್ದರು ಮುದುಕಿ. ಇವಳು ಮೆಟ್ಟಿಲಿಳಿದಿದ್ದಳು.

ಸುಲೋಚನಾಬಾಯಿ ಊಟ ಬಡಿಸಲು ತಟ್ಟೆ ತೊಳೆಯುತ್ತಿದ್ದರು. ಕಟ್ಟೆಯ ಮೇಲೆ ಜೋಳದ ರೊಟ್ಟಿ, ಮೆಂತ್ಯ ಪಲ್ಯ. ದಿನವೂ ಇಬ್ಬರಿಗೆ ಮಾಡುತ್ತಾರೆ, ಮಗ ಬಂದರೆ ಇರಲಿ ಎಂದು.

"ಬಾ, ಬರೋಬರ್ ಊಟದ ಹೊತ್ತಿಗೆ ಬಂದಿ."

"ಅಮ್ಮ, ಗಿರಗಿಟ್ಲೆ ಬಲಕ್ಕೆ ತಿರುಗಿಸು ಅಂತ ಗುರುಗೆ ಯಾವಾಗ ಹೇಳಿದ್ರಿ?"

"ಮೊನ್ನಿ."

"ಮೊನ್ನೆ ಗುರು ಎಲ್ಲಿದ್ದ ಅಮ್ಮ? ಅವನು ಹೋಗಿ ವಾರದ ಮೇಲಾಯ್ತಲ್ಲ."

"ಅದನ್ನs ಹೇಳಾಕ ಬಂದ್ರ ಓಡಿ ಹೋದಿ. ಫೋನಿನ್ಯಾಗ ಹೇಳೀನಿ. ದಿನಾ ಹೇಳ್ತೀನಲ್ಲ. ಮೈಕಿನ ಚಿತ್ರ ಒತ್ತೂದು, ಮಾತಾಡೂದು, ಬಿಡೂದು. ಅವನs ಕಲಿಸ್ಯಾನ."

"ಅವನ ಫೋನು ಬಂದಾಗಿದೆಯಲ್ಲಮ್ಮ..."

"ಬಂದ್ ಇದ್ರ ಇರ್ಲಿ. ಎಂದರ ಚಾಲೂ ಮಾಡ್ತಾನಲ್ಲ, ಆವಾಗ ಕೇಳ್ತಾನ. ಎಲ್ಲೆರ ಇರಲಿ, ಅವ್ವನ ದನಿ ಕೇಳಿದ್ರ ನನ್ನ ಮಗಗ ಧೈರ್ಯ ಬರತೈತಿ." ಅವರ ದನಿ ಒಡೆಯಿತು. ಸೆರಗಿನಿಂದ ಮೂಗು ಒರೆಸಿಕೊಂಡರು. "ಹುಚ್ಚಿ ಅಂತಿಯೇನು?"

"ಇಲ್ಲಮ್ಮ. ಫೋನು ಕೊಡಿ. ಜಲ್ದಿ ಕೊಡಿ."

ವಾಟ್ಸಾಪಿನಲ್ಲಿ ಮಗನ ಹೆಸರಿನ ಕೆಳಗೆ ತಾಯಿಯ ಧ್ವನಿ ಸಂದೇಶಗಳು ಸಾಲಾಗಿ ನಿಂತಿದ್ದವು. ಒಂದಕ್ಕೂ ಉತ್ತರವಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಸಣ್ಣ ಮೈಕಿನ ಗುರುತು. ಆಚೆಯವರು ಕೇಳಿಸಿಕೊಂಡರೆ ಆ ಗುರುತು ನೀಲಿಯಾಗುತ್ತದೆ, ಕೇಳದಿದ್ದರೆ ಬೂದು. ಬೂದು. ಬೂದು. ಬೂದು.

ಒಂದು ನೀಲಿ.

ಚಾರುಲತಾ ಅದನ್ನು ಒತ್ತಿದಳು. ಅಡಿಗೆಮನೆಯ ತುಂಬ ಸುಲೋಚನಾಬಾಯಿಯ ದನಿ ಹರಡಿತು: "ಗುರೂ, ಉಂಡೀಯೇನಪಾ? ಇವತ್ತು ಡಾಕ್ಟರ ನಂಬರ್ ಹಚ್ಚಿದೆ. ನಿನ್ನ ಗಿರಗಿಟ್ಲಿ ನೋಡಿ ನೀನs ಕಂಡಂಗಾತು. ಅದು ಅಪ್ರದಕ್ಷಿಣ ತಿರಗಾಕತ್ತೈತಿ ನೋಡು, ಅದಕ್ಕs ನಿನಗ ಹಿಂಗ್ ಕಾಡಾಕತ್ತೈತಿ. ಬಲಕ್ಕ ತಿರಗ್ಸು. ತಿರಗ್ಸಿ ಮನಿಗೆ ಬಾ."

ಫೋನು ಬಂದಾಗಿದ್ದರೇನು? ಕಂಪ್ಯೂಟರಿನ ಕೆಲಸದವರು ವಾಟ್ಸಾಪನ್ನು ಲ್ಯಾಪ್‌ಟಾಪಿಗೂ ಜೋಡಿಸಿಕೊಂಡಿರುತ್ತಾರೆ. ತೇಜಸ್ ಗುರುವನ್ನು ಎಲ್ಲೋ ಕೂಡಿಹಾಕಿ, ಕೈಗೆ ಲ್ಯಾಪ್‌ಟಾಪು ಕೊಟ್ಟು ಕಣ್ಣಿನ ಆಸ್ಪತ್ರೆಯ ತಾಣದ ಕೆಲಸಕ್ಕೆ ಕೂರಿಸಿದ್ದಾನೆ. ಯಾರೋ ಕಾವಲಿದ್ದಾರೆ, ಉತ್ತರ ಬರೆದರೆ ಕಣ್ಣಿಗೆ ಬೀಳುತ್ತದೆ. ಒಮ್ಮೆ ಮಾತ್ರ, ಹೇಗೋ ಕದ್ದು, ತಾಯಿಯ ದನಿ ಕೇಳಿದ್ದಾನೆ. ಕೇಳಿ, ತನಗೆ ತಿಳಿದ ಒಂದೇ ದಾರಿಯಲ್ಲಿ ಓಗೊಟ್ಟಿದ್ದಾನೆ. ಯಾರ ಕಣ್ಣಿಗೂ ಬೀಳದ ಹಾಗೆ, ಎಲ್ಲರ ಕಣ್ಣೆದುರಿಗೆ, ಗಿರಗಿಟ್ಲೆಯನ್ನು ಬಲಕ್ಕೆ ತಿರುಗಿಸಿ.

ಯಾರೂ ಗಂಟು ಬಿಚ್ಚಲು ಮರೆತಿರಲಿಲ್ಲ. ತಪ್ಪು ಮಾಡಿದವಳು ಚಾರುಲತಾ ಒಬ್ಬಳೇ.

"ಅಮ್ಮ" ಎಂದಳು. "ಗುರು ಬದುಕಿದ್ದಾನೆ. ಅವನು ನಿಮ್ಮ ಮಾತು ಕೇಳಿದ್ದಾನೆ. ಗಿರಗಿಟ್ಲೆ ಬಲಕ್ಕೆ ತಿರುಗಿಸಿದ್ದಾನೆ. ನಾನು ಕಣ್ಣಾರೆ ನೋಡ್ಕೊಂಡು ಬಂದೆ."

ಸುಲೋಚನಾಬಾಯಿ ಕೈಯಲ್ಲಿದ್ದ ತಟ್ಟೆಯನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಅತ್ತರು, ನಕ್ಕರು. "ತಿರಗ್ಸ್ಯಾನ? ನನ್ನ ಮಾತ್ ಕೇಳ್ಯಾನ? ಹೇಳಿದ್ದು ಒಂದೂ ಕೇಳತಿದ್ದಿಲ್ಲ ಬಾಡ್ಯಾ, ಈಗ ಕೇಳ್ಯಾನಲ್ಲ!"

ಚಾರುಲತಾಳಿಗೂ ಅಳು ಬಂತು. ಸಂತೋಷವೇ ಹೌದು. ಆದರೆ ಅದು ಎದೆಯಿಂದ ಬಾಯಿಗೆ ಬರುವಷ್ಟರಲ್ಲಿ ಕಿವಿಯಲ್ಲಿ ಇನ್ನೊಂದು ದನಿ ಕೇಳಿಸಿತು. ಅಲ್ಲಿಯ ನೆಟ್ ಬಂದ್ ಮಾಡು, ಈಗಲೇ.

ಅಲ್ಲಿಯ ಎಂದಿದ್ದ. ಇಲ್ಲಿಯ ಎಂದಿರಲಿಲ್ಲ.

ತೇಜಸನಿಗೆ ಏನೂ ಗೊತ್ತಿರಲಿಲ್ಲ. ತನ್ನ ಕೈದಿ ಹೊರಗಿನ ದನಿ ಕೇಳಿದ್ದಾನೆ, ಹೊರಗೆ ಕೈಬೀಸಿದ್ದಾನೆ ಎಂಬುದು ಅವನ ಕನಸಿನಲ್ಲೂ ಇರಲಿಲ್ಲ. ಹೇಳಿಕೊಟ್ಟವಳು ತಾನು. ತಾಯಿಯ ಹೆಸರು ಹಿಡಿದು, ಬಿಡಿಸಿ ಬಿಡಿಸಿ, ಸೋಫಾದ ಸುತ್ತ ನಡೆದಾಡುತ್ತ ಹೇಳಿಕೊಟ್ಟಿದ್ದಳು.

"ರಚನಾ" ಎಂದು ತನ್ನ ಫೋನು ತೆಗೆದಳು. ಗಂಟೆ ಹೋಗುತ್ತಿತ್ತು, ರಚನಾ ಎತ್ತಲಿಲ್ಲ.

ಸುಲೋಚನಾಬಾಯಿ ಕಣ್ಣೊರೆಸಿಕೊಂಡು, ಗೋಡೆ ಹಿಡಿದು ಎದ್ದು, ಅವಳ ಪಕ್ಕಕ್ಕೆ ಬಂದು ನಿಂತರು. ಮುಖ ದೀಪ ಹಚ್ಚಿದ ಹಾಗಿತ್ತು.

"ನನಗೂ ತೋರ್ಸು ತಂಗಿ. ನನ್ನ ಮಗಾ ತಿರಗ್ಸಿದ್ದು ನಾ ನೋಡ್ತೀನಿ."

"ಆಮೇಲಮ್ಮ..."

"ಒಂದs ಸಲ. ತೋರ್ಸು."

ಇಲ್ಲ ಎನ್ನಲು ಅವಳಿಂದಾಗಲಿಲ್ಲ. ಕಣ್ಣಿನ ಆಸ್ಪತ್ರೆಯ ತಾಣ ಅವಳ ಮೊಬೈಲಿನಲ್ಲಿ ಇನ್ನೂ ತೆರೆದೇ ಇತ್ತು. ಪುಟವನ್ನು ಹೊಸದಾಗಿ ಎಳೆದಳು. ಬಿಳಿಯ ತೆರೆಯ ನಡುವೆ ಬಣ್ಣದ ಗಿರಗಿಟ್ಲೆ ಮೂಡಿತು. ಸುಲೋಚನಾಬಾಯಿ ಕನ್ನಡಕಕ್ಕಾಗಿ ಕಟ್ಟೆಯ ಮೇಲೆ ತಡಕಾಡುತ್ತಿದ್ದರು.

"ಬಲಕ್ಕ ಐತಿಲ್ಲೋ? ಹೇಳ, ಬಲಕ್ಕ ಐತಿಲ್ಲೋ?"

ಚಾರುಲತಾ ಮತ್ತೊಮ್ಮೆ ಪುಟ ಎಳೆದಳು. ಗಿರಗಿಟ್ಲೆ ಎಡಕ್ಕೆ ತಿರುಗುತ್ತಿತ್ತು.